ಬೆಟ್ಟದ ಫೋಟೋಗೆ ಕಾಂಟ್ರಾಸ್ಟ್ ಹಾಕಿದರೆ ದೂರವೇ ಮಾಯವಾಗುತ್ತಿದೆ, ಏನು ಮಾಡಲಿ?

ಬೆಟ್ಟದ_ಹಾದಿ:
ಎಲ್ಲರಿಗೂ ನಮಸ್ಕಾರ. ಕಳೆದ ವಾರ ಕತ್ತಲಿರುವಾಗಲೇ ಬೆಟ್ಟ ಹತ್ತಿ, ಸೂರ್ಯ ಹುಟ್ಟಿ ಅರ್ಧ ಗಂಟೆ ಆದಮೇಲೆ ಒಂದಷ್ಟು ಫೋಟೋ ತೆಗೆದೆ. ಒಂದರ ಹಿಂದೆ ಒಂದು ಐದು ಸಾಲು ಬೆಟ್ಟ, ನಡುವೆ ಕಣಿವೆಯಲ್ಲಿ ತೆಳು ಮಂಜು, ಎದುರಿಗೆ ಪಾಚಿ ಹಿಡಿದ ಒಂದು ದೊಡ್ಡ ಬಂಡೆ. ನೋಡಿದಾಗ ಮೈ ಜುಮ್ಮೆಂದಿತ್ತು. ಮನೆಗೆ ಬಂದು ರಾ ಫೈಲ್ ತೆರೆದರೆ ಬೂದಿ ಬಳಿದ ಹಾಗೆ ಸಪ್ಪೆ! ಕ್ಯಾಮೆರಾ ಪರದೆಯಲ್ಲಿ ಇಷ್ಟು ಸಪ್ಪೆ ಇರಲಿಲ್ಲ. ಲೈಟ್‌ರೂಮ್ ಅನ್ನುವ ಫೋಟೋ ತಿದ್ದುವ ಸಾಫ್ಟ್‌ವೇರಿನಲ್ಲಿ ಕಾಂಟ್ರಾಸ್ಟ್ 50, ಮಸುಕು ತೆಗೆಯುವ ಡಿಹೇಜ್ 40, ಕ್ಲಾರಿಟಿ 35 ಹಾಕಿದೆ. ರಾತ್ರಿ ನೋಡುವಾಗ ಚೆನ್ನಾಗೇ ಇತ್ತು. ಬೆಳಿಗ್ಗೆ ನೋಡಿದರೆ ಹಿಂದಿನ ಬೆಟ್ಟಗಳೆಲ್ಲ ಮುಂದಿನದಕ್ಕೆ ಅಂಟಿಕೊಂಡ ಹಾಗಿವೆ, ಆಕಾಶ ಕಡುನೀಲಿ, ಬೆಟ್ಟದ ಅಂಚಿನುದ್ದಕ್ಕೂ ಯಾರೋ ಚಾಕ್‌ಪೀಸಿನಲ್ಲಿ ಗೆರೆ ಎಳೆದ ಹಾಗೆ ಬಿಳಿ. ಕಡಿಮೆ ಮಾಡಿದರೆ ಮತ್ತೆ ಸಪ್ಪೆ. ನಾನು ಕಂಡದ್ದನ್ನು ಹಾಗೇ ತೋರಿಸಬೇಕು ಅಷ್ಟೇ. ಎಲ್ಲಿ ತಪ್ಪುತ್ತಿದ್ದೇನೆ?

ಮೂರುಕಾಲು:
ನಿಮ್ಮ ರಾ ಫೈಲಿನಲ್ಲಿ ತೊಂದರೆ ಏನಿಲ್ಲ. ಕ್ಯಾಮೆರಾ ಪರದೆಯಲ್ಲಿ ಕಾಣುವುದು ಕ್ಯಾಮೆರಾನೇ ಕಾಂಟ್ರಾಸ್ಟ್ ಸೇರಿಸಿ ತಯಾರಿಸಿದ ಜೆಪೆಗ್. ರಾ ಅಂದರೆ ಅಡುಗೆ ಮಾಡದ ಸಾಮಾನು, ಸಪ್ಪೆ ಇರುವುದೇ ಸರಿ.

ಮುಖ್ಯ ವಿಷಯ ಬೇರೆ ಇದೆ. ದೂರದ ಬೆಟ್ಟ ಯಾಕೆ ತಿಳಿನೀಲಿಯಾಗಿ, ಮಸುಕಾಗಿ ಕಾಣುತ್ತದೆ ಹೇಳಿ? ನಮಗೂ ಅದಕ್ಕೂ ನಡುವೆ ಇರುವ ಗಾಳಿ ಬೆಳಕನ್ನು ಚದುರಿಸುತ್ತದೆ, ಕೆಂಪಿಗಿಂತ ನೀಲಿಯನ್ನು ಜಾಸ್ತಿ ಚದುರಿಸುತ್ತದೆ. ಬೆಟ್ಟ ದೂರ ಹೋದಷ್ಟೂ ಅದರ ನೆರಳಿನ ಭಾಗದ ಮೇಲೆ ಈ ಚದುರಿದ ಬೆಳಕು ಕೂರುತ್ತಾ ಹೋಗುತ್ತದೆ. ಅಂದರೆ ದೂರದ ಬೆಟ್ಟದಲ್ಲಿ ಕಪ್ಪು ಅನ್ನುವುದೇ ಇರುವುದಿಲ್ಲ. ಇಷ್ಟು ದೂರದ ಬೆಟ್ಟಗಳಲ್ಲಿ ನಮ್ಮ ಕಣ್ಣು ದೂರವನ್ನು ಅಳೆಯುವುದು ಹೆಚ್ಚಾಗಿ ಈ ಮಸುಕಿನಿಂದ. ನೀವು ಡಿಹೇಜ್ 40 ಇಡೀ ಫೋಟೋಗೆ ಹಾಕಿದಾಗ ಐದನೇ ಸಾಲಿಗೂ ಕಪ್ಪು ಬಂತು, ಅದು ಎದ್ದು ಮುಂದೆ ಬಂದು ನಿಂತಿತು. ಅಂಟಿಕೊಂಡ ಹಾಗೆ ಕಂಡದ್ದು ಅದಕ್ಕೇ.

ಹಾಗಾಗಿ ಎಲ್ಲ ಸ್ಲೈಡರ್ ಸೊನ್ನೆಗೆ ತಂದು ಮತ್ತೆ ಶುರು ಮಾಡಿ. ಮೊದಲು ಆಲ್ಟ್ ಕೀ ಒತ್ತಿ ಹಿಡಿದು ವೈಟ್ಸ್ (ಅತಿ ಬಿಳಿ ಭಾಗ), ಬ್ಲ್ಯಾಕ್ಸ್ (ಅತಿ ಕಪ್ಪು ಭಾಗ) ಸ್ಲೈಡರ್ ಎಳೆಯಿರಿ, ಎಲ್ಲಿ ವಿವರ ಹೋಗುತ್ತಿದೆ ಅಂತ ತಾನೇ ತೋರಿಸುತ್ತದೆ. ಪೂರ್ತಿ ಕಪ್ಪು ಎದುರಿನ ಬಂಡೆಯ ಬಿರುಕುಗಳಲ್ಲಿ ಮಾತ್ರ ಇರಲಿ. ಆಮೇಲೆ ಕೆಳಗಿನಿಂದ ಮೇಲಕ್ಕೆ ಒಂದು ಲೀನಿಯರ್ ಗ್ರೇಡಿಯೆಂಟ್ ಮಾಸ್ಕ್ (ಬದಲಾವಣೆಯನ್ನು ಒಂದು ಭಾಗಕ್ಕೆ ಮಾತ್ರ ಕೊಟ್ಟು ಮೆಲ್ಲಗೆ ಕರಗಿಸುವುದು) ಎಳೆದು, ಕಾಂಟ್ರಾಸ್ಟ್ ಮತ್ತು ಕ್ಲಾರಿಟಿ ಅದರೊಳಗೆ, ಬಂಡೆಗೆ ಮತ್ತು ಮೊದಲ ಸಾಲಿಗೆ ಕೊಡಿ. ಎರಡನೇ, ಮೂರನೇ ಸಾಲಿಗೆ ಅರ್ಧ. ಕೊನೆಯ ಎರಡನ್ನು ಮುಟ್ಟಲೇಬೇಡಿ. ನಾನು ಪರೀಕ್ಷೆ ಮಾಡುವುದು ಹೀಗೆ: ಮೌಸನ್ನು ಒಂದೊಂದು ಸಾಲಿನ ಅತಿ ಕಪ್ಪು ಜಾಗದ ಮೇಲಿಟ್ಟು ಹಿಸ್ಟೋಗ್ರಾಂ (ಬೆಳಕು-ಕತ್ತಲೆಯ ನಕ್ಷೆ) ಕೆಳಗಿನ ಶೇಕಡಾ ಅಂಕಿ ನೋಡುತ್ತೇನೆ, ಸೊನ್ನೆ ಅಂದರೆ ಪೂರ್ತಿ ಕಪ್ಪು, 100 ಅಂದರೆ ಪೂರ್ತಿ ಬಿಳಿ. ಬಂಡೆಯಲ್ಲಿ 4, ಮೊದಲ ಸಾಲಿನಲ್ಲಿ 15, ಆಮೇಲೆ 28, 40, 52, ಹೀಗೆ ಹಿಂದಕ್ಕೆ ಹೋದ ಹಾಗೆ ಏರುತ್ತಿದ್ದರೆ ದೂರ ಉಳಿದುಕೊಂಡಿದೆ ಅಂತ ಅರ್ಥ. ಇದೇ ಅಂಕಿ ಬರಬೇಕು ಅಂತೇನಿಲ್ಲ, ಏರಿಕೆ ಮುಖ್ಯ.

ಹಿಮದ_ಹುಚ್ಚು:
ಮೇಲಿನವರು ಹೇಳಿದ್ದು ಸರಿ. ಒಂದು ಸೇರಿಸುತ್ತೇನೆ. ಕಾಂಟ್ರಾಸ್ಟ್ ಏರಿಸಿದಾಗ ಬಣ್ಣವೂ ಜೊತೆಗೇ ಏರುತ್ತದೆ, ನಿಮ್ಮ ಆಕಾಶ ಕಡುನೀಲಿ ಆದದ್ದು ಹಾಗೆ. ಫೋಟೋಶಾಪ್ ಇದ್ದರೆ ಕಾಂಟ್ರಾಸ್ಟ್ ತಿದ್ದುವ ಕರ್ವ್ಸ್ ಲೇಯರಿನ ಬ್ಲೆಂಡಿಂಗ್ ಮೋಡನ್ನು (ಕೆಳಗಿನ ಚಿತ್ರದ ಜೊತೆ ಬೆರೆಯುವ ರೀತಿ) ಲುಮಿನಾಸಿಟಿಗೆ, ಅಂದರೆ ಬೆಳಕಿಗೆ ಮಾತ್ರ, ಹಾಕಿ, ಬಣ್ಣ ಹೆಚ್ಚುಕಡಿಮೆ ಇದ್ದ ಹಾಗೇ ಇರುತ್ತದೆ. ಇಲ್ಲದಿದ್ದರೆ ಸ್ಯಾಚುರೇಶನ್ ಸ್ವಲ್ಪ ಇಳಿಸಿ. ಹಿಮದ ಬೆಟ್ಟ ತೆಗೆಯುವವರಿಗೂ ಒಂದು ಮಾತು. ನೆರಳಲ್ಲಿರುವ ಹಿಮ ನೀಲಿ ಇರುವುದು ಸಹಜ, ಅಲ್ಲಿಗೆ ಬೀಳುವುದು ಆಕಾಶದ ಬೆಳಕು ತಾನೇ? ಅದನ್ನು ಒತ್ತಾಯದಿಂದ ಬಿಳಿ ಮಾಡಿದರೆ ಬಿಸಿಲು ಬಿದ್ದ ಹಿಮ ಹಳದಿಯಾಗುತ್ತದೆ.

ಬೆಟ್ಟದ_ಹಾದಿ:
ತುಂಬಾ ಥ್ಯಾಂಕ್ಸ್. ಮಾಸ್ಕ್ ಹಾಕಿ ಮಾಡಿದೆ, ಬೆಟ್ಟಗಳು ಹಿಂದಕ್ಕೆ ಸರಿದವು! ಆದರೆ ಅಂಚಿನ ಬಿಳಿ ಗೆರೆ ಮೊದಲ ಸಾಲಿನಲ್ಲಿ ಇನ್ನೂ ಇದೆ.

ಹಳೇ_ಫಿಲ್ಮ್:
ಆ ಗೆರೆ ಕ್ಲಾರಿಟಿಯದು. ಕ್ಲಾರಿಟಿ ಅಕ್ಕಪಕ್ಕದ ಜಾಗಗಳನ್ನು ಹೋಲಿಸಿ ಕಪ್ಪನ್ನು ಕಪ್ಪಾಗಿಸಿ ಬೆಳಕನ್ನು ಇನ್ನೂ ಬೆಳಗಿಸುತ್ತದೆ, ಕಪ್ಪು ಬೆಟ್ಟ ಮತ್ತು ಬೆಳ್ಳಗಿನ ಮಂಜು ಸೇರುವ ಕಡೆ ಅದು ಪಟ್ಟಿಯಾಗಿ ಕಾಣುತ್ತದೆ. ಮಾಸ್ಕನ್ನು ಅಂಚಿಗಿಂತ ಸ್ವಲ್ಪ ಕೆಳಗೇ ಮುಗಿಸಿ. ಕ್ಲಾರಿಟಿ 10 ದಾಟಬೇಡಿ, ಬಂಡೆಯ ಒರಟು ಬೇಕಿದ್ದರೆ ಟೆಕ್ಸ್ಚರ್ ಬಳಸಿ. ಅದು ಸಣ್ಣ ವಿವರಗಳನ್ನು ಮಾತ್ರ ಎತ್ತುತ್ತದೆ, ಅಂಚಿನಲ್ಲಿ ಇಷ್ಟು ದೊಡ್ಡ ಪಟ್ಟಿ ಬಿಡುವುದಿಲ್ಲ. 100% ಜೂಮ್ ಮಾಡಿ ಅಂಚನ್ನು ಎಡದಿಂದ ಬಲಕ್ಕೆ ಪೂರ್ತಿ ಒಮ್ಮೆ ನೋಡಿ, ಈ ಒಂದು ಕೆಲಸವನ್ನು ಯಾರೂ ಮಾಡುವುದಿಲ್ಲ.

ರಾತ್ರಿ ಚೆನ್ನಾಗಿ ಕಂಡದ್ದು ಬೆಳಿಗ್ಗೆ ಕೆಟ್ಟದಾಗಿ ಕಾಣುವುದಕ್ಕೂ ಕಾರಣ ಇದೆ. ಸ್ಲೈಡರ್ ಎಳೆಯುತ್ತಾ ಕೂತರೆ ಕಣ್ಣು ಅದಕ್ಕೇ ಒಗ್ಗಿಕೊಳ್ಳುತ್ತದೆ. ನಾನು ಮುಗಿಸಿ ಅರ್ಧ ಗಂಟೆ ಎದ್ದು ಹೋಗುತ್ತೇನೆ, ಬಂದು ಎಲ್ಲವನ್ನೂ ಸ್ವಲ್ಪ ಇಳಿಸುತ್ತೇನೆ.

ಇನ್ನೊಂದು ಮಾತು, ಜೋರು ಕಾಂಟ್ರಾಸ್ಟ್ ಯಾವಾಗಲೂ ತಪ್ಪು ಅಂತ ನಾನು ಹೇಳುವುದಿಲ್ಲ. ಅಮೆರಿಕದ ಫೋಟೋಗ್ರಾಫರ್ ಆನ್ಸೆಲ್ ಆಡಮ್ಸ್ 1927ರಲ್ಲಿ ಅಲ್ಲಿನ ಯೊಸೆಮಿಟಿ ಕಣಿವೆಯ ಹಾಫ್ ಡೋಮ್ ಬಂಡೆಯನ್ನು ಮೊದಲು ಹಳದಿ ಫಿಲ್ಟರ್ ಹಾಕಿ ತೆಗೆದರು. ಸಾಲದು ಅನ್ನಿಸಿ ಕಡುಗೆಂಪು ಫಿಲ್ಟರ್ ಹಾಕಿ ಇನ್ನೊಂದು ತೆಗೆದರು. ಆಕಾಶ ಹೆಚ್ಚುಕಡಿಮೆ ಕಪ್ಪಾಗಿ ಬಂತು, ಬಂಡೆಯ ಎತ್ತರ ಎದೆಗೆ ತಾಗುವ ಹಾಗೆ ಬಂತು. ಅದು ಕಪ್ಪು ಬಿಳುಪು, ಅಲ್ಲಿ ಆ ಆಕಾಶವನ್ನು ಕಣ್ಣು ಒಪ್ಪುತ್ತದೆ. ಬಣ್ಣದ ಫೋಟೋದಲ್ಲಿ ಒಪ್ಪುವುದಿಲ್ಲ. ನಿಮ್ಮದು ಮಂಜಿನ ಬೆಳಗು, ಅಲ್ಲಿ ಮಂಜೇ ವಿಷಯ.

ಮೂರುಕಾಲು:
ಮುಂದಿನ ಸಲ ಪೋಲರೈಸರ್ (ಲೆನ್ಸ್ ಮುಂದೆ ಹಾಕುವ ಒಂದು ಫಿಲ್ಟರ್) ಇದ್ದರೆ ಒಯ್ಯಿರಿ, ಮಸುಕು ಸ್ವಲ್ಪ ಅಲ್ಲೇ ಇಳಿಯುತ್ತದೆ. ಸೂರ್ಯ ನಿಮ್ಮ ಎಡಕ್ಕೋ ಬಲಕ್ಕೋ 90 ಡಿಗ್ರಿಯಲ್ಲಿದ್ದಾಗ ಅದರ ಕೆಲಸ ಜಾಸ್ತಿ. ವೈಡ್ ಲೆನ್ಸಿಗೆ ಮಾತ್ರ ಹುಷಾರು, ಆಕಾಶದ ಒಂದು ಭಾಗ ಮಾತ್ರ ಕಪ್ಪಾಗಿ ತೇಪೆ ಹಾಕಿದ ಹಾಗೆ ಬರುತ್ತದೆ.

ಬೆಟ್ಟದ_ಹಾದಿ:
ಕ್ಲಾರಿಟಿ 8, ಟೆಕ್ಸ್ಚರ್ 20, ಡಿಹೇಜ್ ಸೊನ್ನೆ. ಗೆರೆ ಹೋಯಿತು. ಐದನೇ ಸಾಲು ಈಗ ಆಕಾಶಕ್ಕಿಂತ ಕೂದಲೆಳೆಯಷ್ಟು ಗಾಢ, ಅಷ್ಟೇ. ಅವತ್ತು ಬೆಳಿಗ್ಗೆಯೂ ಅದು ಇದೆಯೋ ಇಲ್ಲವೋ ಅಂತ ಕಣ್ಣು ಕಿರಿದು ಮಾಡಿಯೇ ನೋಡಿದ್ದೆ.