ಜಿಮ್ನಾಸ್ಟಿಕ್ಸ್‌ನ ‘ಡ್ಯಾನ್ಸ್ ಎಲಿಮೆಂಟ್’: ಕುಣಿತ ಅನ್ನಬಹುದಾ?

ಎಲ್ಲರಿಗೂ ನಮಸ್ಕಾರ.

ಅಣ್ಣನ ಮಗಳು ಜಿಮ್ನಾಸ್ಟಿಕ್ಸ್ ಕಲಿಯುತ್ತಿದ್ದಾಳೆ. ಅಲ್ಲಿಗೆ ಬರುವ ಅಪ್ಪ-ಅಮ್ಮಂದಿರಿಗೆ ಕನ್ನಡದಲ್ಲಿ ಎರಡು ಪುಟ ಬರೆದುಕೊಡಿ ಅಂದರು, ಸುಮ್ನೆ ಒಪ್ಪಿಕೊಂಡುಬಿಟ್ಟೆ. ಈಗ ಒಂದು ಪದದ ಹತ್ತಿರ ಬಂಡಿ ನಿಂತಿದೆ.

ಹೆಂಗಸರ ಫ್ಲೋರ್ ಎಕ್ಸರ್‌ಸೈಜ್ ಟಿವಿಯಲ್ಲಿ ನೋಡಿರುತ್ತೀರಿ. 12 ಮೀಟರ್ ಚೌಕದ ಹಾಸು, ಹೆಚ್ಚೆಂದರೆ 90 ಸೆಕೆಂಡು, ಜೊತೆಗೆ ಸಂಗೀತ. (ಗಂಡಸರಿಗೆ ಸಂಗೀತ ಇಲ್ಲ, ಪಾಪ.) ಅದರಲ್ಲಿ ಲಾಗ ಹಾಕುವುದು ಒಂದು ಬಗೆ, ‘ಡ್ಯಾನ್ಸ್ ಎಲಿಮೆಂಟ್’ ಇನ್ನೊಂದು ಬಗೆ. ಮೊದಲು ‘ನೃತ್ಯದ ಅಂಶ’ ಅಂತ ಬರೆದೆ. ಅತ್ತಿಗೆ ಓದಿ, ‘ಲಾಗ ಹಾಕೋ ಮುಂಚೆ ಕೈ ಬಳುಕಿಸ್ತಾರಲ್ಲ, ಅದಾ?’ ಅಂದರು. ಅದಲ್ಲ! ನಿಯಮದ ಪುಸ್ತಕದಲ್ಲಿ ಡ್ಯಾನ್ಸ್ ಎಲಿಮೆಂಟ್ ಅಂದರೆ ನೆಗೆತಗಳು ಮತ್ತು ಒಂಟಿಕಾಲಿನ ಗಿರಕಿ. ಕಾಲು ಚಾಚುವ ನೆಗೆತದಲ್ಲಿ ಗಾಳಿಯಲ್ಲೇ 180 ಡಿಗ್ರಿ ಬಿಚ್ಚಬೇಕು, ಕಡಿಮೆಯಾದರೆ ಅಂಕ ಹೋಯಿತು. ಬ್ಯಾಲೆಯ ಮನೆಯಿಂದ ಬಂದ ಸರಕು ಇದು, ಆದರೆ ‘ನೃತ್ಯ’ ಅಂದ ಕೂಡಲೇ ನಮಗೆ ಮುದ್ರೆ, ಅಭಿನಯ ಕಣ್ಣಿಗೆ ಬರುತ್ತದೆಯೇ ಹೊರತು ನೆಗೆತ ಬರುವುದಿಲ್ಲ, ಅಲ್ವಾ?

ಅದಕ್ಕೇ ‘ಕುಣಿತ’ ಇರಲಿ ಅನ್ನಿಸಿತು. ಮಂಚದ ಮೇಲೆ ಮಗು ಎಗರಾಡುತ್ತಿದ್ದರೆ ‘ಕುಣೀಬೇಡ, ಬೀಳ್ತೀಯ’ ಅಂತೀವಿ. ಅಲ್ಲಿ ತಾಳವೂ ಇಲ್ಲ, ಲಯವೂ ಇಲ್ಲ, ಬರೀ ನೆಗೆತ. ಡೊಳ್ಳು ಕುಣಿತದವರಂತೂ ಡೊಳ್ಳು ಕಟ್ಟಿಕೊಂಡೇ ಹಾರುತ್ತಾರೆ, ಒಬ್ಬರ ಹೆಗಲ ಮೇಲೊಬ್ಬರು ಹತ್ತಿ ನಿಲ್ಲುತ್ತಾರೆ. ಇಂಗ್ಲಿಷಿನವರು ಡ್ಯಾನ್ಸ್, ಜಂಪ್ ಅಂತ ಎರಡು ಕಂತೆ ಮಾಡಿದ್ದನ್ನು ನಮ್ಮ ಒಂದೇ ಕ್ರಿಯಾಪದ ಹಿಡಿದಿಟ್ಟುಕೊಂಡಿದೆ.

ಅಷ್ಟಕ್ಕೇ ಮುಗಿಯಲಿಲ್ಲ. ಆ ನೆಗೆತಗಳಲ್ಲೇ ಲೀಪ್, ಜಂಪ್, ಹಾಪ್ ಅಂತ ಮೂರು ಬೇರೆ ಬೇರೆ. ಜಂಪ್‌ನಲ್ಲಿ ಎರಡೂ ಕಾಲಿನಿಂದ ನೆಲ ಬಿಡಬೇಕು, ಅದಕ್ಕೆ ‘ಕುಪ್ಪಳಿಕೆ’ ಸರಿಹೋಗಬಹುದು. ಹಾಪ್ ಅಂದರೆ ಯಾವ ಕಾಲಲ್ಲಿ ಎದ್ದೆವೋ ಅದೇ ಕಾಲಲ್ಲಿ ಇಳಿಯುವುದು, ಕುಂಟೆಬಿಲ್ಲೆ ಆಡುವಾಗ ಮಾಡುತ್ತೀವಲ್ಲ, ಹಾಗೆ. ಆದರೆ ಬರೀ ‘ಕುಂಟು’ ಅಂತ ಬರೆದರೆ ಹುಡುಗಿಗೆ ಕಾಲು ಉಳುಕಿದೆ ಅಂದುಕೊಳ್ಳುತ್ತಾರೆ. ಲೀಪ್‌ದೇ ಜಾಸ್ತಿ ಕಷ್ಟ: ಒಂದು ಕಾಲಲ್ಲಿ ಎದ್ದು ಇನ್ನೊಂದರಲ್ಲಿ ಇಳಿಯುವುದು. ಮಳೆಗಾಲದಲ್ಲಿ ತುಂಬಿದ ಮೋರಿ ದಾಟುವಾಗ ನಾವೆಲ್ಲ ಮಾಡುವುದು ಅದೇ. ‘ದಾಟುನೆಗೆತ’ ಅಂತ ಕಟ್ಟಿದ್ದೇನೆ, ನನಗೇ ಅಷ್ಟು ರುಚಿಸಿಲ್ಲ.

ಯಕ್ಷಗಾನದ ‘ಧೀಂಗಿಣ’ ಹೊಳೆಯಿತು, ಆದರೆ ಅದು ತಿರುಗುತ್ತ ಹಾರುವುದು, ಇದಕ್ಕೆ ಹೊಂದುವುದಿಲ್ಲ. ‘ದೊಂಬರಾಟ’ ಸೂಚಿಸಬೇಡಿ, ಒಂದು ಸಮುದಾಯದ ಹೆಸರನ್ನು ಬೈಗುಳದ ಹಾಗೆ ಬಳಸಿ ಆ ಪದವನ್ನು ಕೆಡಿಸಿದ್ದೇವೆ.

ನಿಮ್ಮೂರಲ್ಲಿ ಮೋರಿಯನ್ನೋ ಕಾಲುವೆಯನ್ನೋ ಹಾರಿ ದಾಟುವುದಕ್ಕೆ ಏನಂತೀರಿ? ಜಿಗಿಯುವುದಾ, ನೆಗೆಯುವುದಾ, ಲಂಘಿಸುವುದಂತೂ ಅಲ್ಲ ತಾನೇ? ಜಿಲ್ಲೆಯ ಹೆಸರು ಹಾಕಿ ತಿಳಿಸಿ.