ಶುಗರ್ ಇಲ್ಲದ ಅಪ್ಪನಿಗೆ ಶುಗರ್ ಇಂಜೆಕ್ಷನ್ ಯಾಕೆ?

ತುಮಕೂರಿನವಳು:
ಅಪ್ಪನಿಗೆ 58. ಹೋದ ವರ್ಷ ಹಾರ್ಟ್ ಅಟ್ಯಾಕ್ ಆಗಿ ಸ್ಟೆಂಟ್ ಹಾಕಿಸಿಕೊಂಡಿದ್ದಾರೆ. ತೂಕ 98 ಕೆಜಿ, ಶುಗರ್ ಮಾತ್ರ ನಾರ್ಮಲ್. ಈಗ ಡಾಕ್ಟರು ವಾರಕ್ಕೊಂದು ಸೆಮಾಗ್ಲುಟೈಡ್ ಇಂಜೆಕ್ಷನ್ ಬರೆದಿದ್ದಾರೆ, ಹಾರ್ಟಿಗೂ ಒಳ್ಳೇದಂತೆ. ಮೆಡಿಕಲ್ ಶಾಪಿನವನು "ಇದು ಶುಗರ್ ಔಷಧಿ ಅಲ್ವಾ ಸರ್" ಅಂದಿದ್ದೇ ತಡ, ಅಪ್ಪ ಬೇಡ ಅಂತ ಹಟ ಹಿಡಿದಿದ್ದಾರೆ. ಶುಗರ್ ಇಲ್ಲದವರು ತಗೊಂಡರೆ ಲೋ ಆಗಲ್ವಾ?

ಹಳೇ ಫಾರ್ಮಸಿಸ್ಟ್:
ನಿಮ್ಮಪ್ಪನಂಥವರ ಮೇಲೇ ಇದನ್ನು ಪರೀಕ್ಷೆ ಮಾಡಿದ್ದಾರೆ. ಸೆಲೆಕ್ಟ್ ಟ್ರಯಲ್ ಅಂತ, 2023ರ ನವೆಂಬರಿನಲ್ಲಿ ಫಲಿತಾಂಶ ಬಂತು. 17,604 ಜನ, ಎಲ್ಲರಿಗೂ 45 ಅಥವಾ ಮೇಲೆ, ಬಿಎಂಐ (ಎತ್ತರಕ್ಕೆ ತಕ್ಕ ತೂಕದ ಲೆಕ್ಕ) 27 ಅಥವಾ ಜಾಸ್ತಿ, ಮೊದಲೇ ಅಟ್ಯಾಕ್, ಸ್ಟ್ರೋಕ್ ಅಥವಾ ಕಾಲಿನ ರಕ್ತನಾಳದ ತೊಂದರೆ ಇದ್ದವರು, ಡಯಾಬಿಟಿಸ್ ಇಲ್ಲದವರು. ಮೂರು ವರ್ಷಕ್ಕೂ ಮೀರಿ ನೋಡಿದಾಗ ಹೃದಯದಿಂದ ಸಾವು, ಅಟ್ಯಾಕ್, ಸ್ಟ್ರೋಕ್ ಇವುಗಳಲ್ಲಿ ಒಂದಾದರೂ ಆದವರು ಔಷಧಿ ಇಲ್ಲದ ಇಂಜೆಕ್ಷನ್ ಗುಂಪಿನಲ್ಲಿ ನೂರಕ್ಕೆ 8, ಔಷಧಿ ಗುಂಪಿನಲ್ಲಿ 6.5. ಪೇಪರಿನಲ್ಲಿ "ಶೇ 20 ಕಮ್ಮಿ" ಅಂತ ದೊಡ್ಡದಾಗಿ ಬರೆದಿದ್ದು ಇದನ್ನೇ, 8ರಲ್ಲಿ ಒಂದೂವರೆ ಅಂದರೆ ಸುಮಾರು ಐದನೇ ಒಂದು ಪಾಲು. ಪವಾಡ ಅಲ್ಲ. ಆದರೆ ಹೆಚ್ಚಿನವರು ಆಗಲೇ ಸ್ಟ್ಯಾಟಿನ್ (ಕೊಲೆಸ್ಟ್ರಾಲ್ ಇಳಿಸೋ ಮಾತ್ರೆ) ತಗೊಳ್ತಿದ್ದವರು, ಅದರ ಮೇಲೂ ಇಷ್ಟು ಇಳಿದಿದೆ ಅಂದರೆ ಸಣ್ಣ ಮಾತೂ ಅಲ್ಲ. ಲೋ ಆಗೋ ಭಯ ಕಮ್ಮಿ, ರಕ್ತದಲ್ಲಿ ಸಕ್ಕರೆ ಏರಿದಾಗಲೇ ಇದು ಇನ್ಸುಲಿನ್ ಜಾಸ್ತಿ ಮಾಡಿಸೋದು.

ಮುದ್ದೆಪ್ರಿಯ:
ನಾನು ತಗೊಳ್ತಿದ್ದೇನೆ. ವಾರಕ್ಕೆ 0.25 ಮಿಲಿಗ್ರಾಂನಿಂದ ಶುರು ಮಾಡಿ ನಿಧಾನಕ್ಕೆ ಏರಿಸುತ್ತಾರೆ. ಡೋಸ್ ಏರಿಸಿದಾಗಲೆಲ್ಲ ಒಗ್ಗರಣೆ ವಾಸನೆಗೇ ಹೊಟ್ಟೆ ತೊಳಸುತ್ತಿತ್ತು. ಎರಡು ಮುದ್ದೆ ನುಂಗುತ್ತಿದ್ದವನಿಗೆ ಅರ್ಧಕ್ಕೇ ಸಾಕಾಗುತ್ತೆ. ಬೇಳೆ, ಮೊಟ್ಟೆ ಬಿಡಬೇಡಿ, ಸುಮ್ನೆ ಊಟ ಕಮ್ಮಿ ಮಾಡಿದರೆ ಮೈಯಲ್ಲಿ ಶಕ್ತಿನೂ ಇಳಿಯುತ್ತೆ. ನಿಲ್ಲಿಸಿದರೆ ತೂಕ ವಾಪಸ್ ಬರೋದು ಜಾಸ್ತಿ, ಹಾಗಾಗಿ ಖರ್ಚಿನ ಲೆಕ್ಕ ಮೊದಲೇ ಹಾಕಿಕೊಳ್ಳಿ.

ಸುಮ್ನೆ ಓದುವವಳು:
ನನ್ನ ತಂಗಿಗೆ ಹಾರ್ಟ್ ತೊಂದರೆ ಏನಿಲ್ಲ, ದಪ್ಪ ಅಷ್ಟೇ. ಅವಳೂ ತಗೋಬಹುದಾ?

ಹಳೇ ಫಾರ್ಮಸಿಸ್ಟ್:
ತೂಕಕ್ಕೆ ಬೇಕಾದರೆ ಡಾಕ್ಟರ್ ಹತ್ತಿರ ಕೇಳಲಿ. ಆದರೆ ಹಾರ್ಟ್ ಕಾಯಿಲೆಯೇ ಇಲ್ಲದವರ ಬಗ್ಗೆ ಆ ಟ್ರಯಲ್ ಏನೂ ಹೇಳಲ್ಲ. ಪ್ಯಾಂಕ್ರಿಯಾಸ್ ಊತ ಆಗಿದ್ದರೆ, ಮನೆಯಲ್ಲಿ ಯಾರಿಗಾದರೂ ಮೆಡುಲರಿ ಥೈರಾಯ್ಡ್ ಕ್ಯಾನ್ಸರ್ (ಥೈರಾಯ್ಡ್ ಕ್ಯಾನ್ಸರಿನ ಒಂದು ಅಪರೂಪದ ಬಗೆ) ಇದ್ದರೆ ಮೊದಲೇ ಹೇಳಬೇಕು.

ತುಮಕೂರಿನವಳು:
ಥ್ಯಾಂಕ್ಸ್ ಸರ್. ಅಪ್ಪ ಈಗ ಇನ್ನೊಂದು ರಾಗ ತೆಗೆದಿದ್ದಾರೆ, ಇದನ್ನು ತಗೊಂಡರೆ ಉಳಿದ ಮಾತ್ರೆ ಬಿಡಬಹುದಾ ಅಂತ.

ಹಳೇ ಫಾರ್ಮಸಿಸ್ಟ್:
ಬಿಡೋ ಹಾಗಿಲ್ಲ. ಸ್ಟೆಂಟ್ ಹಾಕಿ ಒಂದೇ ವರ್ಷ, ರಕ್ತ ತೆಳು ಮಾಡೋ ಮಾತ್ರೆ ಡಾಕ್ಟರನ್ನು ಕೇಳದೆ ಒಂದು ದಿನವೂ ತಪ್ಪಿಸಬೇಡಿ.