ಹಳೆ ಟರ್ಬೊ ಹಾಕಿದ ಮೇಲೆ ನೀಲಿ ಹೊಗೆ, ಯಾರಾದರೂ ಹೇಳಿ

ಬಳ್ಳಾರಿ_ಬೂಸ್ಟ್: ತಲೆ ಕೆಟ್ಟು ಹೋಗಿದೆ. ಹೋದ ವಾರ ರಾಯಚೂರಿನ ಒಬ್ಬರ ಹತ್ತಿರ 18,000 ಕೊಟ್ಟು ಸೆಕೆಂಡ್ ಹ್ಯಾಂಡ್ ಟರ್ಬೊ (ಎಂಜಿನ್‌ಗೆ ಹೆಚ್ಚು ಗಾಳಿ ತುಂಬುವ ಭಾಗ) ತಂದೆ. ಜಾಸ್ತಿ ಓಡಿಲ್ಲ ಅಂದಿದ್ದರು. ಈಗ ಸಿಗ್ನಲ್‌ನಲ್ಲಿ ಎರಡು ನಿಮಿಷ ನಿಂತರೆ ಸೈಲೆನ್ಸರ್ ತುಂಬ ನೀಲಿ ಹೊಗೆ. ಅವರು ಫೋನ್ ಎತ್ತುತ್ತಿಲ್ಲ. ಮೋಸ ಹೋದೆನಾ?

ಗಂಗಾವತಿ_ಡೀಸೆಲ್: ನೀಲಿ ಹೊಗೆ ಅಂದರೆ ಆಯಿಲ್ ಉರಿಯುತ್ತಿದೆ. ಟರ್ಬೊ ಒಳಗೆ ತಿರುಗುವ ಶಾಫ್ಟ್ ಹೋಗಿದೆ ಅಣ್ಣ. ಎಂಜಿನ್ ಆಫ್ ಮಾಡಿ, ಗಾಳಿ ಪೈಪ್ ಬಿಚ್ಚಿ, ಬೆರಳಲ್ಲಿ ಆಡಿಸಿ. ಅಕ್ಕಪಕ್ಕ ಚೂರು ಆಡಿದರೆ ಪರವಾಗಿಲ್ಲ. ಹಿಂದೆ ಮುಂದೆ ಆಡಬಾರದು.

ಬಳ್ಳಾರಿ_ಬೂಸ್ಟ್: ಆಡುತ್ತಿಲ್ಲ.

ಗಂಗಾವತಿ_ಡೀಸೆಲ್: ಒಳಗೆ ಆಯಿಲ್ ಇದ್ದರೆ ಗೊತ್ತಾಗುವುದಿಲ್ಲ. ಒರೆಸಿ ನೋಡಿ. ಶಾಫ್ಟೇ ಅದು.

ರಾಯಚೂರು_36: ಯಾವ ಗಾಡಿ, ಯಾವ ಟರ್ಬೊ ಅಂತ ಹೇಳಿಯೇ ಇಲ್ಲವಲ್ಲ!

ಬಳ್ಳಾರಿ_ಬೂಸ್ಟ್: ಸ್ವಿಫ್ಟ್ ಡೀಸೆಲ್, 1248 ಸಿಸಿ, 75 ಪಿಎಸ್ ಪವರ್. ಹಾಕಿದ್ದು ಎರ್ಟಿಗಾದ 90 ಪಿಎಸ್ ಎಂಜಿನ್‌ನ ವಿಜಿಟಿ (ಒಳಗಿನ ರೆಕ್ಕೆಗಳ ಕೋನ ಬದಲಾಗುವ ಟರ್ಬೊ). ರಿಮ್ಯಾಪ್ ಆಗಿದೆ, ಅಂದರೆ ಎಂಜಿನ್ ಕಂಪ್ಯೂಟರ್ ಸೆಟ್ಟಿಂಗ್ ಬದಲಿಸಿದ್ದೇವೆ. ಕಂಪನಿ ಡಬ್ಬಿ ಬದಲು ತೆರೆದ ಕೋನ್ ಏರ್ ಫಿಲ್ಟರ್ ಇದೆ.

ಕೊಪ್ಪಳ_ಟಿಜೆಟ್: ಬಳ್ಳಾರಿಯಲ್ಲಿ ಕೋನ್ ಫಿಲ್ಟರಾ? ಸಂಡೂರು ರಸ್ತೆಯಲ್ಲಿ ಅದಿರು ಲಾರಿ ಹಿಂದೆ ಒಂದು ದಿನ ಓಡಾಡಿ ನೋಡಿ. ಆ ಧೂಳು ಟರ್ಬೊ ರೆಕ್ಕೆಯನ್ನೇ ತಿಂದುಹಾಕುತ್ತದೆ. ನನ್ನ ಫಿಯೆಟ್ ಲಿನಿಯಾ ಟಿ-ಜೆಟ್ (ಪೆಟ್ರೋಲ್ ಟರ್ಬೊ) ಕಾರಿನಲ್ಲಿ ಇವತ್ತಿಗೂ ಕಂಪನಿ ಫಿಲ್ಟರ್ ಡಬ್ಬಿಯೇ ಇದೆ. ಟರ್ಬೊದಿಂದ ಬರುವ ಗಾಳಿ ತಣ್ಣಗೆ ಮಾಡೋಕೆ ದೊಡ್ಡ ಇಂಟರ್‌ಕೂಲರ್ ಹಾಕಿದ್ದೇನೆ, ಮೇ ತಿಂಗಳ ಬಿಸಿಲಲ್ಲೂ ಎಳೆತ ಕಡಿಮೆಯಾಗಿಲ್ಲ.

ಗಂಗಾವತಿ_ಡೀಸೆಲ್: ತೊಳೆದು ಎಣ್ಣೆ ಹಾಕಿದರೆ ಕೋನ್ ಚೆನ್ನಾಗಿಯೇ ಇರುತ್ತದೆ. ನಾನು ನಾಲ್ಕು ವರ್ಷದಿಂದ ಓಡಿಸುತ್ತಿದ್ದೇನೆ.

ರಾಯಚೂರು_36: ಫಿಲ್ಟರ್ ಜಗಳ ಆಮೇಲೆ. ಆಯಿಲ್ ರಿಟರ್ನ್ ಪೈಪ್ ಯಾವುದು ಹಾಕಿದಿರಿ?

ಬಳ್ಳಾರಿ_ಬೂಸ್ಟ್: ಹಳೆಯದು ಕೂರಲಿಲ್ಲ. ಮೆಕ್ಯಾನಿಕ್ ಬಗ್ಗಿಸಿ, ಸಿಲಿಕಾನ್ ಅಂಟು ಹಚ್ಚಿ ಕೂರಿಸಿದರು.

ರಾಯಚೂರು_36: ಇದನ್ನು ಮೊದಲೇ ಹೇಳಬೇಕಿತ್ತು ಅಣ್ಣ! ಟರ್ಬೊಗೆ ಆಯಿಲ್ ಪ್ರೆಶರ್‌ನಲ್ಲಿ ಬರುತ್ತದೆ, ಆದರೆ ವಾಪಸ್ ತಾನಾಗಿ ಕೆಳಗೆ ಇಳಿಯಬೇಕು. ಪೈಪ್ ಎಲ್ಲೂ ಮೇಲಕ್ಕೆ ಏರಬಾರದು. ಒಳಗಿನ ಸೀಲ್ ರಬ್ಬರ್ ಅಲ್ಲ, ಪಿಸ್ಟನ್ ರಿಂಗ್ ತರಹದ ಸಣ್ಣ ಉಂಗುರ. ನಿಂತ ಆಯಿಲನ್ನು ಅದು ತಡೆಯುವುದಿಲ್ಲ. ಐಡಲ್‌ನಲ್ಲಿ (ಗಾಡಿ ನಿಂತು ಎಂಜಿನ್ ಓಡುವಾಗ) ಹೊಗೆ ಬರುತ್ತಿರುವುದು ಇದಕ್ಕೇ ಇರಬೇಕು. ಎಂಜಿನ್ ಒಳಗಿನ ಗಾಳಿ ಹೊರಹೋಗುವ ಬ್ರೀದರ್ ಪೈಪ್ ಕಟ್ಟಿಕೊಂಡಿದ್ದರೂ ಹೀಗೇ ಆಗುತ್ತದೆ, ಅದನ್ನೂ ನೋಡಿ.

ಬಳ್ಳಾರಿ_ಬೂಸ್ಟ್: ಬಿಚ್ಚಿದೆ. ಸಿಲಿಕಾನ್ ಒಳಗೆ ಹಿಂಡಿಕೊಂಡು ಅರ್ಧ ತೂತು ಮುಚ್ಚಿತ್ತು. ಕೆರೆದು ತೆಗೆದು, ಗ್ಯಾಸ್ಕೆಟ್ ಹಾಕಿ, ಪೈಪ್ ನೇರ ಮಾಡಿಸಿದೆ. ಇಪ್ಪತ್ತು ನಿಮಿಷ ಐಡಲ್ ಬಿಟ್ಟೆ. ಮೊದಲು ಸ್ವಲ್ಪ ಹೊಗೆ ಬಂತು, ಆಮೇಲೆ ನಿಂತಿತು. ಮಾರಿದವರನ್ನು ಸುಮ್ನೆ ಬೈದುಕೊಂಡೆ.

ರಾಯಚೂರು_36: ಸೈಲೆನ್ಸರ್‌ನಲ್ಲಿ ಉಳಿದ ಆಯಿಲ್ ಉರಿದಿದೆ. ನೂರು ಕಿಲೋಮೀಟರ್ ಓಡಿಸಿ ಆಯಿಲ್ ಮಟ್ಟ ನೋಡಿ.

ಗಂಗಾವತಿ_ಡೀಸೆಲ್: ಆದರೂ ಶಾಫ್ಟ್ ಒಂದು ಸಲ ಒರೆಸಿ ನೋಡಿ ಅಣ್ಣ.

ಕೊಪ್ಪಳ_ಟಿಜೆಟ್: ನಿಮ್ಮ ಹಳೆ 75 ಪಿಎಸ್ ಟರ್ಬೊ ಕೊಡ್ತೀರಾ? ತಮ್ಮನ ಸ್ವಿಫ್ಟ್‌ಗೆ ಬೇಕಿತ್ತು. ಶಾಫ್ಟ್ ಆಡಿಸಿದ ವಿಡಿಯೊ ಕಳಿಸಿ, ರೇಟ್ ಆಮೇಲೆ ಮಾತಾಡೋಣ.